ವಿಕಲಚೇತನ ಸ್ನೇಹಿ ಕಟ್ಟಡಗಳು: ಕಟ್ಟಡ ಪರವಾನಗಿ ಅರ್ಜಿದಾರರಿಗೂ ಸಾರ್ವಜನಿಕರಿಗೂ ಮಾಹಿತಿ

1. ಪೀಠಿಕೆ

2011ರ ಜನಗಣತಿಯ ಮೇರೆಗೆ ದೇಶದಲ್ಲಿ 2.68 ಕೋಟಿ ವಿಕಲಚೇತನ ವ್ಯಕ್ತಿಗಳಿದ್ದು, ಅವರ ಪೈಕಿ ಕರ್ನಾಟಕ ರಾಜ್ಯದಲ್ಲಿ 13,24,205 ಮಂದಿ ಇದ್ದರು. ಸದರಿ ಗಣತಿಯು ವೈಕಲ್ಯವನ್ನು ಎಂಟು ಬಗೆಯಾಗಿ ವಿಂಗಡಿಸಿತ್ತು. 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿರುವುದರಿಂದ ಇಂದು ಈ ಸೌಲಭ್ಯಕ್ಕೆ ಅರ್ಹರಾದವರ ವ್ಯಾಪ್ತಿ ಇನ್ನೂ ದೊಡ್ಡದು. ವೃದ್ಧರು, ಗರ್ಭಿಣಿಯರು, ಕಾಲು ಮುರಿದು ಊರುಗೋಲು ಹಿಡಿದವರು, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬರುವ ತಾಯಂದಿರು ಇವರೆಲ್ಲರಿಗೂ ಇದೇ ಸೌಲಭ್ಯ ಒದಗುತ್ತದೆ.

ಪಿಂಚಣಿ, ಪಡಿತರ, ಪಹಣಿ, ಚಿಕಿತ್ಸೆ, ಶಿಕ್ಷಣ, ಮತದಾನ ಮುಂತಾದ ಯಾವುದೇ ಹಕ್ಕನ್ನು ಪಡೆಯಲು ನಾಗರಿಕರು ಮೊದಲು ಒಂದು ಕಟ್ಟಡದ ಒಳಹೋಗಬೇಕು. ಆ ಕಟ್ಟಡದ ಮುಂದಿರುವ ನಾಲ್ಕು ಮೆಟ್ಟಿಲುಗಳು ಗಾಲಿಕುರ್ಚಿಯಲ್ಲಿ ಬಂದವರ ಪಾಲಿಗೆ ಆ ಹಕ್ಕನ್ನೇ ತಡೆಹಿಡಿಯುತ್ತವೆ. ಅವರನ್ನು ಇಬ್ಬರು ಹೊತ್ತು ಒಳತರುವುದು ಸಹಾಯವೆಂದು ತೋರಿದರೂ ಅದು ಘನತೆಗೂ ಸುರಕ್ಷತೆಗೂ ತಕ್ಕುದಲ್ಲ. ಕಾನೂನು ಬಯಸುವುದೂ ಅದನ್ನಲ್ಲ.

ಹೊಸ ಕಟ್ಟಡದ ನಕ್ಷೆಗೆ ಮಂಜೂರಾತಿ ಕೋರುವವರು ಏನನ್ನು ಗಮನಿಸಬೇಕು, ಈಗಿರುವ ಕಟ್ಟಡದಲ್ಲಿ ಅಡೆತಡೆ ಎದುರಿಸುವವರು ಯಾರಲ್ಲಿ ಮನವಿ ಸಲ್ಲಿಸಬೇಕು ಎಂಬ ಎರಡೂ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಅಡೆತಡೆರಹಿತ ಕಟ್ಟಡ ಎಂದರೇನು?

ಯಾವುದೇ ವ್ಯಕ್ತಿಯು ಪರರ ನೆರವಿಲ್ಲದೆ, ಅಥವಾ ಕನಿಷ್ಠ ನೆರವಿನಿಂದ, ಕಟ್ಟಡವನ್ನು ತಲುಪಿ, ಒಳಪ್ರವೇಶಿಸಿ, ಬಂದ ಕೆಲಸವನ್ನು ಪೂರೈಸಿಕೊಂಡು, ಶೌಚಾಲಯವನ್ನು ಬಳಸಿ, ಅಪಾಯದ ವೇಳೆಯಲ್ಲಿಯೂ ಸುರಕ್ಷಿತವಾಗಿ ಹೊರಬರಲು ಸಾಧ್ಯವಿರುವ ಕಟ್ಟಡವನ್ನು ಅಡೆತಡೆರಹಿತ ಕಟ್ಟಡ ಎನ್ನಬಹುದು.

ಇದು ಸರಪಳಿಯಂತಿದ್ದು, ರಸ್ತೆ, ಗೇಟು, ಅಂಗಳ, ಪ್ರವೇಶದ್ವಾರ, ಮೊಗಸಾಲೆ, ಕೌಂಟರ್, ಲಿಫ್ಟ್, ಶೌಚಾಲಯ ಹಾಗೂ ನಿರ್ಗಮನ ದ್ವಾರಗಳು ಅದರ ಕೊಂಡಿಗಳು. ಒಂದು ಕೊಂಡಿ ತಪ್ಪಿದರೂ ಉಳಿದವುಗಳಿಗೆ ಮಾಡಿದ ವೆಚ್ಚ ನಿರರ್ಥಕವಾಗುತ್ತದೆ. ಬಾಗಿಲಿನವರೆಗೆ ಇಳಿಜಾರು ಹಾದಿ ಇದ್ದು, ಗೇಟಿನ ಮುಂದಿನ ಚರಂಡಿಯ ಮೇಲೆ ಚಪ್ಪಡಿ ಇಲ್ಲದಿದ್ದರೆ ಆ ಹಾದಿಯನ್ನು ಯಾರೂ ತಲುಪಲಾರರು. ಶೌಚಾಲಯ ಸುಸಜ್ಜಿತವಾಗಿದ್ದು ಅದರ ಬಾಗಿಲಲ್ಲಿ ಎತ್ತರದ ಹೊಸ್ತಿಲಿದ್ದರೆ ಅದೂ ಉಪಯೋಗಕ್ಕೆ ಬಾರದು. ಆದ್ದರಿಂದ ಸೌಲಭ್ಯಗಳನ್ನು ಬಿಡಿಬಿಡಿಯಾಗಿ ಎಣಿಸದೆ, ಗೇಟಿನಿಂದ ಕೌಂಟರಿನವರೆಗೆ ಹಾಗೂ ಅಲ್ಲಿಂದ ಶೌಚಾಲಯದವರೆಗೆ ಹಾದಿ ಎಲ್ಲಿಯೂ ಕಡಿಯದೆ ಸಾಗುವುದೇ ಎಂದು ಪರಿಶೀಲಿಸತಕ್ಕದ್ದು.

3. ಕಾನೂನಿನ ಹಿನ್ನೆಲೆ

ವಿಕಲಚೇತನರ ಸಮಾನ ಅವಕಾಶಗಳಿಗೆ ಸಂಬಂಧಿಸಿದ 1995ರ ಅಧಿನಿಯಮವು ಸಾರ್ವಜನಿಕ ಕಟ್ಟಡಗಳಲ್ಲಿ ಇಳಿಜಾರು ಹಾದಿ ಮುಂತಾದ ಸೌಲಭ್ಯಗಳನ್ನು ಪ್ರಸ್ತಾಪಿಸಿದ್ದರೂ, ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಟ್ಟು ಎಂಬ ಷರತ್ತನ್ನು ಹೊಂದಿತ್ತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ತದನಂತರ ರೂಪುಗೊಂಡ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಗೆ ಬಂದಿದೆ. ಅದರಲ್ಲಿ ಕಟ್ಟಡಗಳಿಗೆ ಸಂಬಂಧಿಸಿದ ಮುಖ್ಯ ಉಪಬಂಧಗಳು ಇಂತಿವೆ:

ಅ) ಪ್ರಕರಣ 40: ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಕೇಂದ್ರ ಸರ್ಕಾರವು ನಿಯಮಗಳ ಮೂಲಕ ನಿಗದಿಪಡಿಸತಕ್ಕದ್ದು.

ಆ) ಪ್ರಕರಣ 44: ಸದರಿ ನಿಯಮಗಳಿಗೆ ಅನುಗುಣವಾಗಿರದ ನಕ್ಷೆಗೆ ಕಟ್ಟಡ ನಿರ್ಮಾಣದ ಅನುಮತಿ ನೀಡುವಂತಿಲ್ಲ. ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣ ಪತ್ರವನ್ನಾಗಲೀ ವಾಸ ಅಥವಾ ಬಳಕೆಯ ಅನುಮತಿಯನ್ನಾಗಲೀ ನೀಡುವಂತಿಲ್ಲ.

ಇ) ಪ್ರಕರಣ 45: ಅಸ್ತಿತ್ವದಲ್ಲಿರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳ ಅಧಿಸೂಚನೆಯ ದಿನಾಂಕದಿಂದ ಐದು ವರ್ಷಗಳೊಳಗೆ ಪ್ರವೇಶಯೋಗ್ಯವಾಗಿಸತಕ್ಕದ್ದು. ಪ್ರಾಥಮಿಕ ಆರೋಗ್ಯ ಕೇಂದ್ರ, ಆಸ್ಪತ್ರೆ, ಶಾಲೆ, ರೈಲು ನಿಲ್ದಾಣ, ಬಸ್ ತಂಗುದಾಣಗಳಿಗೆ ಆದ್ಯತೆ ನೀಡಿ ಕ್ರಿಯಾಯೋಜನೆ ಪ್ರಕಟಿಸತಕ್ಕದ್ದು.

ಈ) ಪ್ರಕರಣ 89: ಅಧಿನಿಯಮದ ಅಥವಾ ನಿಯಮಗಳ ಮೊದಲ ಉಲ್ಲಂಘನೆಗೆ ರೂ. 10,000ದವರೆಗೆ, ತದನಂತರದ ಪ್ರತಿ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ಜುಲ್ಮಾನೆ ವಿಧಿಸಬಹುದು.

ಈ ಅಧಿನಿಯಮದಡಿಯ ನಿಯಮಗಳು ಜೂನ್ 2017ರಲ್ಲಿ ಪ್ರಕಟವಾದವು. ಅವುಗಳ 15ನೇ ನಿಯಮವು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2016ರ ಮಾರ್ಗಸೂಚಿಯನ್ನು ಮಾನದಂಡವಾಗಿ ಸೂಚಿಸಿತ್ತು. ಮುಂದೆ 2023ರ ತಿದ್ದುಪಡಿಯಿಂದ 2021ರ ಪರಿಷ್ಕೃತ ಮಾರ್ಗಸೂಚಿ ಅದರ ಸ್ಥಾನಕ್ಕೆ ಬಂದಿತು. ರಾಜೀವ್ ರಾತೂರಿ ಮತ್ತು ಭಾರತ ಒಕ್ಕೂಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 08-11-2024ರಂದು ನೀಡಿದ ತೀರ್ಪಿನಲ್ಲಿ, ಅಧಿನಿಯಮವು ಕಡ್ಡಾಯ ಮಾನದಂಡವನ್ನು ಬಯಸಿರುವಾಗ 15(1)ನೇ ನಿಯಮವು ಕೇವಲ ಸಲಹಾರೂಪದ ಮಾರ್ಗಸೂಚಿಯನ್ನು ಮುಂದಿಡುವುದು ಅಧಿನಿಯಮಕ್ಕೆ ವಿರುದ್ಧವೆಂದು ಘೋಷಿಸಿತು. ಕಡ್ಡಾಯವಾಗಿ ಪಾಲಿಸಲೇಬೇಕಾದ ಅಂಶಗಳನ್ನು ಪ್ರತ್ಯೇಕಿಸಿ ಮೂರು ತಿಂಗಳೊಳಗೆ ನಿಯಮ ರೂಪಿಸುವಂತೆಯೂ, ಅವು ಜಾರಿಯಾದ ಮೇಲೆ ಪೂರ್ಣಗೊಂಡ ಪ್ರಮಾಣ ಪತ್ರ ತಡೆಹಿಡಿಯುವುದು, ಜುಲ್ಮಾನೆ ವಿಧಿಸುವುದು ಸೇರಿದಂತೆ ಅಧಿನಿಯಮದ ಪರಿಣಾಮಗಳು ಅನ್ವಯಿಸತಕ್ಕದ್ದೆಂದೂ ನಿರ್ದೇಶಿಸಿತು. ಪ್ರವೇಶ ಸೌಲಭ್ಯವು ಕಟ್ಟಡ ಮಾಲೀಕರ ಔದಾರ್ಯದ ವಿಷಯವಲ್ಲ, ಬಳಸುವವರ ಹಕ್ಕು ಎಂಬುದು ಈ ತೀರ್ಪಿನ ತಾತ್ಪರ್ಯ.

4. ಯಾವ ಕಟ್ಟಡಗಳಿಗೆ ಅನ್ವಯ?

ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಟ್ಟಡ ಮಾತ್ರವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಧಿನಿಯಮದ ವ್ಯಾಖ್ಯೆಯ ಮೇರೆಗೆ ಸಾರ್ವಜನಿಕರು ಬಳಸುವ ಸರ್ಕಾರಿ ಅಥವಾ ಖಾಸಗಿ ಕಟ್ಟಡಗಳೆರಡೂ ಇದರಲ್ಲಿ ಸೇರುತ್ತವೆ. ಶಾಲೆ, ಕಾಲೇಜು, ಆಸ್ಪತ್ರೆ, ಬ್ಯಾಂಕು, ಅಂಗಡಿ ಸಂಕೀರ್ಣ, ಚಿತ್ರಮಂದಿರ, ಕಲ್ಯಾಣ ಮಂಟಪ, ದೇವಾಲಯ ಮುಂತಾದ ಧಾರ್ಮಿಕ ಸ್ಥಳ, ನ್ಯಾಯಾಲಯ, ಪೊಲೀಸ್ ಠಾಣೆ, ಬಸ್ ನಿಲ್ದಾಣ ಹಾಗೂ ಉದ್ಯೋಗದ ಸ್ಥಳಗಳು ಈ ವ್ಯಾಪ್ತಿಗೆ ಒಳಪಡುತ್ತವೆ.

ಕುಟುಂಬದ ವಾಸಕ್ಕಷ್ಟೇ ಬಳಸುವ ಸ್ವಂತ ಮನೆಗೆ ಈ ವ್ಯಾಖ್ಯೆ ಅನ್ವಯಿಸುವುದಿಲ್ಲ. ಆದಾಗ್ಯೂ ಮನೆ ಕಟ್ಟುವವರು ನೆಲ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆಯನ್ನೂ ಅಗಲ ಬಾಗಿಲಿನ ಒಂದು ಶೌಚಾಲಯವನ್ನೂ ಇರಿಸಿಕೊಳ್ಳುವುದು ಮುಂದಿನ ದಿನಗಳಲ್ಲಿ ಮನೆಯ ಹಿರಿಯರಿಗೆ ಅನುಕೂಲಕರ.

5. ಇಳಿಜಾರು ಹಾದಿ ಅಥವಾ ರ‍್ಯಾಂಪ್: ಲೆಕ್ಕ ಹಾಕುವ ವಿಧಾನ

ಅತಿ ಹೆಚ್ಚು ದೋಷಗಳು ಕಂಡುಬರುವುದು ರ‍್ಯಾಂಪಿನ ಇಳಿಜಾರಿನಲ್ಲಿ. ಇಳಿಜಾರು 1:12ಕ್ಕಿಂತ ಕಡಿದಾಗಿರತಕ್ಕದ್ದಲ್ಲ. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಹಾದಿ ಬೇಕು. ಎತ್ತರ ಹೆಚ್ಚಿದಂತೆ ಇಳಿಜಾರನ್ನು 1:15 ಅಥವಾ 1:20ರಷ್ಟು ಸೌಮ್ಯಗೊಳಿಸುವುದು ಉತ್ತಮ. 1:12ರ ಲೆಕ್ಕದಲ್ಲಿ ಅಗತ್ಯವಾಗುವ ಉದ್ದ ಇಂತಿದೆ:

ಅಡಿಪಾಯ ಪೀಠದ ಎತ್ತರ 150 ಮಿ.ಮೀ.: ರ‍್ಯಾಂಪಿನ ಉದ್ದ 1.8 ಮೀಟರ್
ಎತ್ತರ 300 ಮಿ.ಮೀ.: ಉದ್ದ 3.6 ಮೀಟರ್
ಎತ್ತರ 450 ಮಿ.ಮೀ.: ಉದ್ದ 5.4 ಮೀಟರ್
ಎತ್ತರ 600 ಮಿ.ಮೀ.: ಉದ್ದ 7.2 ಮೀಟರ್

ಇದಲ್ಲದೆ ರ‍್ಯಾಂಪಿನ ಕೆಳತುದಿಯಲ್ಲಿಯೂ ಮೇಲ್ತುದಿಯಲ್ಲಿಯೂ ಗಾಲಿಕುರ್ಚಿ ನಿಂತು ತಿರುಗಲು ತಲಾ 1.5 ಮೀಟರ್ ಸಮತಟ್ಟಾದ ಜಾಗ ಬೇಕು. ಹೀಗಾಗಿ 600 ಮಿ.ಮೀ. ಎತ್ತರದ ಪೀಠಕ್ಕೆ ನೇರ ರ‍್ಯಾಂಪ್ ನಿರ್ಮಿಸಲು ಒಟ್ಟು 10.2 ಮೀಟರ್ ಅಗತ್ಯ. 30x40 ಅಡಿಯ ನಿವೇಶನದ ಮುಂಭಾಗದ ಅಗಲವೇ ಸುಮಾರು 9.1 ಮೀಟರ್ ಆಗಿರುವುದರಿಂದ ಅಲ್ಲಿ ಅಷ್ಟು ಜಾಗ ಸಿಗದು. ಕಟ್ಟಡ ಮುಗಿದ ಮೇಲೆ ಪರಿವೀಕ್ಷಣೆಗೆಂದು ಅವಸರದಲ್ಲಿ ಎರಡೂವರೆ ಮೀಟರಿನೊಳಗೆ ಕಟ್ಟುವ ಕಡಿದಾದ ರ‍್ಯಾಂಪಿನಲ್ಲಿ ಗಾಲಿಕುರ್ಚಿ ಹಿಮ್ಮುಖವಾಗಿ ಉರುಳುವ ಅಪಾಯವಿದೆ. ಅದು ಮೆಟ್ಟಿಲಿಗಿಂತಲೂ ಅಪಾಯಕಾರಿ.

ಇದಕ್ಕೆ ಪರಿಹಾರ ನಕ್ಷೆಯ ಹಂತದಲ್ಲಿಯೇ ಇದೆ. ಮಳೆನೀರಿನ ಹರಿವಿಗೆ ಧಕ್ಕೆಯಾಗದಂತೆ ಪೀಠದ ಎತ್ತರವನ್ನು ತಗ್ಗಿಸಬಹುದು. ರ‍್ಯಾಂಪನ್ನು ಕಟ್ಟಡದ ಪಕ್ಕದ ಗೋಡೆಗುಂಟ ಕೊಂಡೊಯ್ಯಬಹುದು. ಅಥವಾ ನಡುವೆ ಸಮತಟ್ಟು ನೀಡಿ ತಿರುಗಿಸಬಹುದು.

ರ‍್ಯಾಂಪಿನ ಇತರ ಅಂಶಗಳು:

- ಅಗಲವು 1,200 ಮಿ.ಮೀ.ಗೆ ಕಡಿಮೆಯಿರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗುವ ಕಡೆ 1,800 ಮಿ.ಮೀ. ಬೇಕು.
- ಒಂದೇ ಓಟದ ಉದ್ದ 9 ಮೀಟರ್ ಮೀರಬಾರದು. ಮೀರಿದಲ್ಲಿ ನಡುವೆ ಸಮತಟ್ಟಾದ ವಿಶ್ರಾಂತಿ ಸ್ಥಳ ಬೇಕು.
- ಎರಡೂ ಬದಿಗಳಲ್ಲಿ 760 ಮಿ.ಮೀ. ಹಾಗೂ 900 ಮಿ.ಮೀ. ಎತ್ತರದಲ್ಲಿ ಎರಡು ಸಾಲು ಹಿಡಿಕಂಬಿಗಳಿದ್ದು, ಅವು ರ‍್ಯಾಂಪಿನ ತುದಿಗಳಿಂದ 300 ಮಿ.ಮೀ. ಮುಂದಕ್ಕೆ ಚಾಚಿರತಕ್ಕದ್ದು. ಗೋಡೆಗೂ ಕಂಬಿಗೂ ನಡುವೆ 50 ಮಿ.ಮೀ. ಅಂತರವಿರಬೇಕು.
- ಮೇಲ್ಮೈ ಒರಟಾಗಿದ್ದು ಮಳೆಯಲ್ಲಿಯೂ ಜಾರದಂತಿರಬೇಕು. ಹೊಳಪು ನೀಡಿದ ಗ್ರಾನೈಟ್ ಇದಕ್ಕೆ ಯೋಗ್ಯವಲ್ಲ.

6. ಇತರ ಭಾಗಗಳಲ್ಲಿ ಗಮನಿಸಬೇಕಾದ ಅಳತೆಗಳು

ವಾಹನ ನಿಲುಗಡೆ: ಪ್ರವೇಶದ್ವಾರದಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲದ ಕನಿಷ್ಠ ಎರಡು ಕಾರು ನಿಲುಗಡೆ ಸ್ಥಳಗಳನ್ನು ಕಾಯ್ದಿರಿಸಿ ಗಾಲಿಕುರ್ಚಿಯ ಚಿಹ್ನೆಯನ್ನು ಬರೆಯಿಸತಕ್ಕದ್ದು. ಹೆಚ್ಚಿನ ಅಗಲವು ಕಾರಿನ ಬಾಗಿಲು ಪೂರ್ಣ ತೆರೆದು ಗಾಲಿಕುರ್ಚಿಗೆ ಬದಲಾಯಿಸಿಕೊಳ್ಳಲು ಅಗತ್ಯ.

ಬಾಗಿಲು: ತೆರೆದಾಗ ದೊರಕುವ ನಿವ್ವಳ ಅಗಲ 900 ಮಿ.ಮೀ. ಇರಬೇಕು. ಚೌಕಟ್ಟಿನ ಅಗಲ 900 ಮಿ.ಮೀ. ಇದ್ದರೆ ನಿವ್ವಳ ಅಗಲ ಅದಕ್ಕಿಂತ ಕಡಿಮೆಯಾಗುವುದೆಂಬುದನ್ನು ಗಮನಿಸುವುದು. ಹೊಸ್ತಿಲು ಇಲ್ಲದಿರುವುದೇ ಲೇಸು. ಇದ್ದಲ್ಲಿ 12 ಮಿ.ಮೀ. ಮೀರದೆ ಇಳಿಜಾರಾಗಿ ಕತ್ತರಿಸಿರಬೇಕು.

ಮೆಟ್ಟಿಲು: ಪ್ರತಿ ಮೆಟ್ಟಿಲಿನ ಎತ್ತರ 150 ಮಿ.ಮೀ. ಮೀರದೆ, ತುಳಿಯುವ ಅಗಲ 300 ಮಿ.ಮೀ. ಇರಬೇಕು. ಒಂದು ಓಟದಲ್ಲಿ 12 ಮೆಟ್ಟಿಲುಗಳನ್ನು ಮೀರದಿರುವುದು. ಮೆಟ್ಟಿಲ ಅಂಚಿಗೆ ಎದ್ದುಕಾಣುವ ಬೇರೆ ಬಣ್ಣವಿದ್ದರೆ ಮಂದದೃಷ್ಟಿಯವರಿಗೆ ನೆರವಾಗುತ್ತದೆ.

ಸ್ಪರ್ಶ ಹಾಸು: ದೃಷ್ಟಿದೋಷವುಳ್ಳವರು ಪಾದ ಹಾಗೂ ಕೋಲಿನಿಂದ ಗುರುತಿಸುವ ಉಬ್ಬುಗೆರೆಯ ಟೈಲ್ಸ್ ದಾರಿಯನ್ನು ತೋರುತ್ತವೆ, ಉಬ್ಬುಚುಕ್ಕೆಯ ಟೈಲ್ಸ್ ಎಚ್ಚರಿಕೆಯನ್ನು ಸೂಚಿಸುತ್ತವೆ. ಮೆಟ್ಟಿಲಿನ ಆರಂಭಕ್ಕೂ ಕೊನೆಗೂ 300 ಮಿ.ಮೀ. ಮುಂಚಿತವಾಗಿ ಉಬ್ಬುಚುಕ್ಕೆಯ ಟೈಲ್ಸ್ ಹಾಕತಕ್ಕದ್ದು. ಅಂದಕ್ಕಾಗಿ ಇವುಗಳನ್ನು ಎಲ್ಲೆಂದರಲ್ಲಿ ಹಾಕಿದರೆ ಅಥವಾ ಕಂಬದ ಬುಡದಲ್ಲಿ ಕೊನೆಗೊಳಿಸಿದರೆ ನಂಬಿ ನಡೆದವರಿಗೆ ಪೆಟ್ಟಾಗುತ್ತದೆ.

ಲಿಫ್ಟ್: ಬಾಗಿಲಿನ ನಿವ್ವಳ ಅಗಲ 900 ಮಿ.ಮೀ., ಮುಂದಿನ ಜಾಗ 1,800 x 1,800 ಮಿ.ಮೀ. ಇರಬೇಕು. ಬಾಗಿಲು ಕನಿಷ್ಠ 5 ಸೆಕೆಂಡು ತೆರೆದಿರಬೇಕು. ಗುಂಡಿಗಳು ಕುಳಿತವರ ಕೈಗೆಟುಕುವಂತಿದ್ದು ಬ್ರೈಲ್ ಅಥವಾ ಉಬ್ಬು ಅಂಕಿಗಳನ್ನು ಹೊಂದಿರಬೇಕು. ಅಂತಸ್ತನ್ನು ಧ್ವನಿಯಲ್ಲಿ ಕನ್ನಡದಲ್ಲಿಯೂ ಪ್ರಕಟಿಸುವ ವ್ಯವಸ್ಥೆ ಅಪೇಕ್ಷಣೀಯ.

ಕೌಂಟರ್: ಕನಿಷ್ಠ ಒಂದು ಕೌಂಟರಿನ ಎತ್ತರ 800 ಮಿ.ಮೀ. ಮೀರದೆ, ಅದರ ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲು ತೂರುವಷ್ಟು ತೆರವಿರಬೇಕು. ಸರದಿಯ ಸಂಖ್ಯೆಯನ್ನು ಕೂಗಿ ಹೇಳುವುದರ ಜೊತೆಗೆ ಫಲಕದಲ್ಲಿಯೂ ತೋರಿಸಿದರೆ ಶ್ರವಣದೋಷವುಳ್ಳವರು ಸರದಿ ತಪ್ಪಿಸಿಕೊಳ್ಳುವುದಿಲ್ಲ.

ಶೌಚಾಲಯ: ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು ಅಥವಾ ಪಕ್ಕಕ್ಕೆ ಸರಿಯುವಂತಿರಬೇಕು. ಒಳಕ್ಕೆ ತೆರೆಯುವ ಬಾಗಿಲಿದ್ದರೆ, ಒಳಗೆ ಬಿದ್ದವರನ್ನು ಹೊರತೆಗೆಯುವುದು ಕಷ್ಟ. ಕಮೋಡಿನ ಎತ್ತರ 450ರಿಂದ 480 ಮಿ.ಮೀ., ಎರಡೂ ಪಕ್ಕಗಳಲ್ಲಿ ಹಿಡಿಕಂಬಿ, ನೆಲಕ್ಕೆ ಬಿದ್ದವರ ಕೈಗೂ ಎಟುಕುವ ಕರೆಗಂಟೆ ಅಗತ್ಯ. ಗಾಲಿಕುರ್ಚಿಯು ತಿರುಗಲು 1,500 ಮಿ.ಮೀ. ವ್ಯಾಸದ ತೆರವು ಬೇಕಾಗುತ್ತದೆ. ಹಿಂದಿನ ಉಪವಿಧಿಗಳಲ್ಲಿ ಕಂಡುಬರುವ 1,500 x 1,750 ಮಿ.ಮೀ. ಅಳತೆಯ ಕೋಣೆಯಲ್ಲಿ ಕಮೋಡ್ ಹಾಗೂ ಬೇಸಿನ್ ಕೂರಿಸಿದ ಮೇಲೆ ಅಷ್ಟು ತೆರವು ಉಳಿಯದು. ಆದಕಾರಣ ದೊಡ್ಡ ಅಳತೆಯನ್ನೇ ಆರಿಸಿಕೊಳ್ಳುವುದು.

ತುರ್ತು ನಿರ್ಗಮನ: ಬೆಂಕಿಯ ಎಚ್ಚರಿಕೆಯು ಗಂಟೆಯ ಸದ್ದಿನೊಂದಿಗೆ ಮಿನುಗು ದೀಪವನ್ನೂ ಹೊಂದಿರಬೇಕು. ಬೆಂಕಿಯ ವೇಳೆ ಸಾಮಾನ್ಯ ಲಿಫ್ಟನ್ನು ಬಳಸಲಾಗದ ಕಾರಣ, ಮೇಲಂತಸ್ತುಗಳಲ್ಲಿ ಗಾಲಿಕುರ್ಚಿಯವರು ನೆರವು ಬರುವವರೆಗೆ ಕಾಯಲು ಹೊಗೆ ಹೊಗದ ಸುರಕ್ಷಿತ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು.

7. ನಕ್ಷೆಯ ಅರ್ಜಿದಾರರು ಪರಿಶೀಲಿಸಿಕೊಳ್ಳಬೇಕಾದ ಅಂಶಗಳು

ನಕ್ಷೆಯ ಹಂತದಲ್ಲಿ ಬಾಗಿಲನ್ನು 150 ಮಿ.ಮೀ. ಅಗಲಗೊಳಿಸಲು ಗೆರೆಯೊಂದನ್ನು ತಿದ್ದಿದರೆ ಸಾಕು. ಕಟ್ಟಡ ಮುಗಿದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯುವುದು, ಹೊಸ ಲಿಂಟಲ್, ಗಿಲಾವು, ಬಣ್ಣ, ಅಷ್ಟು ದಿನ ಕಟ್ಟಡ ಬಳಕೆಗಿಲ್ಲದ ನಷ್ಟ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ತಮ್ಮ ವಾಸ್ತುಶಿಲ್ಪಿ ಅಥವಾ ಅಭಿಯಂತರರೊಡನೆ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳುವುದು:

1) ರಸ್ತೆಯ ಮಟ್ಟ, ಅಂಗಳದ ಮಟ್ಟ ಹಾಗೂ ನೆಲ ಅಂತಸ್ತಿನ ಮಟ್ಟವನ್ನು ನಕ್ಷೆಯಲ್ಲಿ ನಮೂದಿಸಲಾಗಿದೆಯೇ?
2) ರ‍್ಯಾಂಪಿನ ಎತ್ತರ, ಉದ್ದ ಮತ್ತು ಇಳಿಜಾರಿನ ಪ್ರಮಾಣವನ್ನು ಅಂಕಿಗಳಲ್ಲಿ ಬರೆಯಲಾಗಿದೆಯೇ?
3) ಗೇಟಿನಿಂದ ಕೌಂಟರ್, ಲಿಫ್ಟ್ ಮತ್ತು ಶೌಚಾಲಯದವರೆಗೆ ಅಖಂಡ ಹಾದಿಯನ್ನು ಗುರುತಿಸಲಾಗಿದೆಯೇ?
4) ಬಾಗಿಲುಗಳ ನಿವ್ವಳ ಅಗಲವನ್ನು ತೋರಿಸಲಾಗಿದೆಯೇ?
5) ಪ್ರವೇಶಯೋಗ್ಯ ಶೌಚಾಲಯದ ಒಳವಿನ್ಯಾಸವನ್ನು ದೊಡ್ಡ ಅಳತೆಯಲ್ಲಿ ಪ್ರತ್ಯೇಕವಾಗಿ ಚಿತ್ರಿಸಲಾಗಿದೆಯೇ?
6) ಕಾಯ್ದಿರಿಸಿದ ವಾಹನ ನಿಲುಗಡೆ ಸ್ಥಳವನ್ನು ಗುರುತಿಸಲಾಗಿದೆಯೇ?

8. ಅಸ್ತಿತ್ವದಲ್ಲಿರುವ ಕಟ್ಟಡಗಳು

ಹಳೆಯ ಕಟ್ಟಡದಲ್ಲಿ ಎಲ್ಲವನ್ನೂ ಒಮ್ಮೆಲೇ ಬದಲಿಸಲಾಗದಿರಬಹುದು. ಆದರೆ ಕಾಮಗಾರಿ ಮುಗಿಯುವವರೆಗೆ ಸೇವೆಯನ್ನು ನಿರಾಕರಿಸಲು ಅದು ಕಾರಣವಾಗದು. ಸಮಂಜಸ ಹೊಂದಾಣಿಕೆಯನ್ನು ಅಧಿನಿಯಮವು ಹಕ್ಕಾಗಿ ಗುರುತಿಸಿದೆ. ಮೊದಲ ಅಂತಸ್ತಿನಲ್ಲಿರುವ ಕಚೇರಿಯು ನೆಲ ಅಂತಸ್ತಿನಲ್ಲಿ ಅರ್ಜಿ ಸ್ವೀಕರಿಸುವುದು, ವಿಚಾರಣೆಯನ್ನು ಕೆಳಗೆ ನಡೆಸುವುದು, ತರಗತಿಯನ್ನು ನೆಲ ಅಂತಸ್ತಿಗೆ ಬದಲಾಯಿಸುವುದು ಇದಕ್ಕೆ ಉದಾಹರಣೆಗಳು.

ಕಟ್ಟಿದ ಸೌಲಭ್ಯದ ನಿರ್ವಹಣೆಯೂ ಅಷ್ಟೇ ಮುಖ್ಯ. ರ‍್ಯಾಂಪಿನ ಮೇಲೆ ದ್ವಿಚಕ್ರ ವಾಹನ ನಿಲ್ಲಿಸುವುದು, ಶೌಚಾಲಯಕ್ಕೆ ಬೀಗ ಹಾಕಿ ಹಳೆಯ ಕಡತಗಳನ್ನು ತುಂಬುವುದು, ಸ್ಪರ್ಶ ಹಾಸಿನ ಮೇಲೆ ಕುರ್ಚಿ ಇಡುವುದು ಸೌಲಭ್ಯವನ್ನು ಕಿತ್ತುಹಾಕಿದುದಕ್ಕೆ ಸಮ.

9. ಅಡೆತಡೆ ಎದುರಾದಲ್ಲಿ ಮನವಿ ಸಲ್ಲಿಸುವ ವಿಧಾನ

ಮೊದಲಿಗೆ ಸಂಬಂಧಿಸಿದ ಕಚೇರಿಯ ಮುಖ್ಯಸ್ಥರಿಗೆ ಅಥವಾ ಕಟ್ಟಡದ ಮಾಲೀಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಮನವಿಯಲ್ಲಿ ಕಟ್ಟಡದ ವಿಳಾಸ, ಭೇಟಿ ನೀಡಿದ ದಿನಾಂಕ, ಬಂದ ಉದ್ದೇಶ, ಅಡೆತಡೆಯ ಸ್ವರೂಪ ಹಾಗೂ ಕೋರುವ ಪರಿಹಾರವನ್ನು ನಮೂದಿಸಿ, ಸಾಧ್ಯವಾದಲ್ಲಿ ಛಾಯಾಚಿತ್ರ ಲಗತ್ತಿಸುವುದು. ರ‍್ಯಾಂಪಿನ ದೂರಾದರೆ ಅಳತೆಪಟ್ಟಿಯಿಂದ ಎತ್ತರವನ್ನೂ ಉದ್ದವನ್ನೂ ಅಳೆದು ಬರೆಯುವುದು. ಉದ್ದವು ಎತ್ತರದ ಹನ್ನೆರಡು ಪಟ್ಟಿಗಿಂತ ಕಡಿಮೆಯಿದ್ದರೆ ದೋಷವು ಅಂಕಿಗಳಿಂದಲೇ ಸಿದ್ಧವಾಗುತ್ತದೆ.

ಮಂಜೂರಾದ ನಕ್ಷೆಯಂತೆ ಕಟ್ಟಡ ನಿರ್ಮಾಣವಾಗಿಲ್ಲವೆಂದು ಕಂಡುಬಂದಲ್ಲಿ ನಕ್ಷೆ ಮಂಜೂರು ಮಾಡಿದ ಸ್ಥಳೀಯ ಸಂಸ್ಥೆಗೆ ದೂರು ನೀಡುವುದು. ನಕ್ಷೆಯ ಪ್ರತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಜಿಲ್ಲೆಯಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ನೆರವಿಗಾಗಿ ಸಂಪರ್ಕಿಸಬಹುದು.

ಪರಿಹಾರ ದೊರೆಯದಿದ್ದಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಆಯುಕ್ತರು ದೂರಿನ ಮೇಲೆ ಅಥವಾ ಸ್ವಯಂಪ್ರೇರಿತರಾಗಿ ವಿಚಾರಣೆ ನಡೆಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯಗಳಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರವು ಅಗತ್ಯ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ವರದಿ ನೀಡತಕ್ಕದ್ದು. ಒಪ್ಪದಿದ್ದಲ್ಲಿ ಕಾರಣವನ್ನು ತಿಳಿಸತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮಳಿಗೆಗೆ ವಿಕಲಚೇತನರು ಬರುವುದೇ ಇಲ್ಲ. ಆದರೂ ರ‍್ಯಾಂಪ್ ಬೇಕೇ?
ಉತ್ತರ: ಬೇಕು. ಬರುವವರ ಸಂಖ್ಯೆಯನ್ನು ಕಾನೂನು ಆಧಾರವಾಗಿ ಇಟ್ಟುಕೊಂಡಿಲ್ಲ. ಅವರು ಬಾರದಿರುವುದಕ್ಕೆ ಮೆಟ್ಟಿಲುಗಳೇ ಕಾರಣವಾಗಿರಲೂಬಹುದು.

ಪ್ರಶ್ನೆ: ಹಿಂಬದಿಯ ಸರಕಿನ ಬಾಗಿಲಿಗೆ ರ‍್ಯಾಂಪ್ ಇದ್ದರೆ ಸಾಲದೇ?
ಉತ್ತರ: ಎಲ್ಲರೂ ಬರುವ ಮುಖ್ಯದ್ವಾರದಲ್ಲಿಯೇ ಸೌಲಭ್ಯವಿರುವುದು ಸೂಕ್ತ. ಹಳೆಯ ಕಟ್ಟಡದಲ್ಲಿ ಅದು ಅಸಾಧ್ಯವಾದಲ್ಲಿ ಮಾತ್ರ ಬೇರೆ ದ್ವಾರ ಒದಗಿಸಿ, ಕಚೇರಿ ವೇಳೆಯುದ್ದಕ್ಕೂ ತೆರೆದಿಟ್ಟು, ಮುಂಬಾಗಿಲಲ್ಲಿ ಸೂಚನಾ ಫಲಕ ಹಾಕುವುದು.

ಪ್ರಶ್ನೆ: ಉಪನೋಂದಣಾಧಿಕಾರಿಗಳ ಕಚೇರಿಗೆ ಖುದ್ದು ಹಾಜರಾಗಲು ದೈಹಿಕವಾಗಿ ಸಾಧ್ಯವಿಲ್ಲದವರು ಏನು ಮಾಡಬೇಕು?
ಉತ್ತರ: ನೋಂದಣಿ ಅಧಿನಿಯಮ, 1908ರ ಪ್ರಕರಣ 38ರ ಮೇರೆಗೆ, ದೈಹಿಕ ದೌರ್ಬಲ್ಯದಿಂದ ಅಪಾಯ ಅಥವಾ ತೀವ್ರ ಅನಾನುಕೂಲತೆಯಿಲ್ಲದೆ ಹಾಜರಾಗಲು ಆಗದವರಿಗೆ ಹಾಜರಾತಿಯಿಂದ ವಿನಾಯಿತಿ ಇದೆ. ಅಧಿಕಾರಿಯು ಅವರ ಮನೆಗೆ ತೆರಳಿ ಅಥವಾ ಕಮಿಷನ್ ಹೊರಡಿಸಿ ಹೇಳಿಕೆ ಪಡೆಯಬಹುದು.

ಪ್ರಶ್ನೆ: ಶಾಲೆಗೆ ರ‍್ಯಾಂಪ್ ಕಟ್ಟಿಸಲಾಗಿದೆ. ಜವಾಬ್ದಾರಿ ಮುಗಿಯಿತೇ?
ಉತ್ತರ: ಇಲ್ಲ. ಮಗುವು ತರಗತಿಗೆ ಹೋಗಲು ಸಾಧ್ಯವಾಗಿ ಶೌಚಾಲಯಕ್ಕೆ ಹೋಗಲು ಆಗದಿದ್ದರೆ ಆ ಮಗು ಶಾಲೆ ಬಿಡುವ ಸಂಭವ ಹೆಚ್ಚು. ಕುಡಿಯುವ ನೀರು, ಊಟದ ಸ್ಥಳ, ಆಟದ ಅಂಗಳಗಳನ್ನೂ ಒಟ್ಟಿಗೆ ಪರಿಶೀಲಿಸುವುದು.

11. ಸೂಚನೆ

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಿದ್ದಾಗಿದ್ದು, ಅಧಿನಿಯಮ ಅಥವಾ ನಿಯಮಗಳಿಗೆ ಪರ್ಯಾಯವಲ್ಲ. ನಿಯಮಗಳೂ ಕಟ್ಟಡ ಉಪವಿಧಿಗಳೂ ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಅಳತೆಗಳನ್ನು ತಮ್ಮ ವ್ಯಾಪ್ತಿಯ ಸ್ಥಳೀಯ ಸಂಸ್ಥೆ ಅಥವಾ ಯೋಜನಾ ಪ್ರಾಧಿಕಾರದಲ್ಲಿ ಖಚಿತಪಡಿಸಿಕೊಳ್ಳುವುದು. ಎರಡು ದಾಖಲೆಗಳಲ್ಲಿ ಅಳತೆಗಳು ಭಿನ್ನವಾಗಿದ್ದಲ್ಲಿ, ಬಳಸುವವರಿಗೆ ಹೆಚ್ಚು ಅನುಕೂಲಕರವಾದ ಅಳತೆಯನ್ನು ಅನುಸರಿಸುವುದು ಸೂಕ್ತ. ಪರಿವೀಕ್ಷಣೆಗೆ ಮುನ್ನ ಗಾಲಿಕುರ್ಚಿ ಬಳಸುವವರೊಬ್ಬರನ್ನೂ ದೃಷ್ಟಿದೋಷವುಳ್ಳವರೊಬ್ಬರನ್ನೂ ಆಹ್ವಾನಿಸಿ, ಗೇಟಿನಿಂದ ಶೌಚಾಲಯದವರೆಗೆ ಒಮ್ಮೆ ಸಾಗಿ ನೋಡುವಂತೆ ಕೋರಿದಲ್ಲಿ, ನಕ್ಷೆಯಲ್ಲಿ ಕಾಣದ ನ್ಯೂನತೆಗಳೂ ತಿಳಿದುಬರುತ್ತವೆ.